ತೋರ್ವಲ ಮನೆಯ ಬಡಗಣ ಗೋಡೆ

ಕೊರ್ಪಿವಾರ ಎಂಬ ಊರಿನಲ್ಲಿ ಯಾರು ಒಲೆಗೆ ಹಸಿ ಸೌದೆ ತುರುಕುತ್ತಾರೆ, ಯಾರು ಕದ್ದು ಹಾಲಿನ ಪೊಟ್ಟಣ ಸುಡುತ್ತಾರೆ, ಯಾವ ಮನೆಯಲ್ಲಿ ಗಂಡ ಹೆಂಡತಿಗೆ ಬೇರೆ ಬೇರೆ ಕೋಣೆಯಲ್ಲಿ ಬೆಂಕಿ ಬೇಕು, ಎಲ್ಲ ಐರಾಳಿಗೆ ಗೊತ್ತು. ನಲವತ್ತೆರಡು ವರ್ಷ ಆ ಸೀಮೆಯ ಚಿಮಣಿಗಳನ್ನು ಗುಡಿಸಿದವಳು ಅವಳು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕುಂಚ, ಹಗ್ಗ, ಕಬ್ಬಿಣದ ಗುಂಡು ಹೆಗಲಿಗೇರಿಸಿಕೊಂಡು ಮೊದಲ ಸಲ ಸೂರು ಹತ್ತಿದಾಗ, ಹುಡುಗಿ ಈಗ ಬಿದ್ದಾಳು ಆಗ ಬಿದ್ದಾಳು ಎಂದು ಊರ ಗಂಡಸರು ಕೆಳಗೆ ಬಾಯಿ ತೆರೆದು ನಿಂತಿದ್ದರು. ಬಾಯಿಗೆ ಹೊಗೆಮಸಿಯ ಇಲ್ಲಣ ಬಿತ್ತು, ಮುಚ್ಚಿಕೊಂಡರು.

ಅವಳ ನಾಲಿಗೆಗೆ ಮೂಳೆಯೂ ಇಲ್ಲ, ಮುಲಾಜೂ ಇಲ್ಲ. “ಐರಾ ಬಂದು ಹೋದ್ರೆ ಚಿಮಣಿ ಬೆಳ್ಳಗಾಗುತ್ತೆ, ಮನೆಯವರ ಮುಖ ಕಪ್ಪಗಾಗುತ್ತೆ” ಎಂದು ಊರವರೇ ಆಡಿಕೊಳ್ಳುತ್ತಿದ್ದರು. ಆದರೂ ಹಳೆಯ ಮನೆ ಕೊಳ್ಳುವವರು, ಮಾರುವವರು, ರಿಪೇರಿಗೆ ಕೈಹಾಕುವವರು ಮೊದಲು ಕರೆಯುತ್ತಿದ್ದದ್ದು ಅವಳನ್ನೇ. ಅಟ್ಟ ಹತ್ತಿ, ನೆಲದಡಿ ತೂರಿ, ಗೋಡೆಯ ದಿಮ್ಮಿಗೆ ಸೊಂಟದ ಚಾಕು ಚುಚ್ಚಿ ನೋಡಿ, ಎರಡರಲ್ಲಿ ಒಂದು ಮಾತು ಹೇಳುತ್ತಿದ್ದಳು: “ಉಳಿಯುತ್ತೆ” ಅಥವಾ “ಉಳಿಯಲ್ಲ, ಸುಡಿ.”

ಸುಡಿ ಎಂದರೆ ಬೈಗುಳವಲ್ಲ. ಇನ್ನು ಆಗುವುದಿಲ್ಲ ಎನ್ನಿಸಿದ ಮರದ ಮನೆಯನ್ನು ನಮ್ಮಲ್ಲಿ ಬೆಂಕಿ ಆರಿಸುವ ಸ್ವಯಂಸೇವಕರ ದಳಕ್ಕೆ ಅಭ್ಯಾಸಕ್ಕೆಂದು ಕೊಟ್ಟುಬಿಡುತ್ತೇವೆ. ದಳದವರು ಒಂದು ಕೋಣೆಗೆ ಬೆಂಕಿ ಇಡುತ್ತಾರೆ, ಆರಿಸುತ್ತಾರೆ, ಇನ್ನೊಂದಕ್ಕೆ ಇಡುತ್ತಾರೆ. ಸಂಜೆಯ ಹೊತ್ತಿಗೆ ಚಿಮಣಿಯೊಂದು ನಿಂತಿರುತ್ತದೆ. ಮನೆಯವರು ಅಂಗಳದಲ್ಲಿ ಎಲ್ಲರಿಗೂ ಕಾಫಿ ಬಗ್ಗಿಸುತ್ತಾರೆ. ಯಾರೂ ಅಳುವುದಿಲ್ಲ. ಅಳಬೇಕೆನ್ನಿಸಿದವರು ಕಾರಿನೊಳಗೆ ಹೋಗಿ ಕೂರುತ್ತಾರೆ.

ಇಷ್ಟು ಮನೆಗಳ ಜಾತಕ ಹೇಳಿದ ಐರಾ ತನ್ನದೇ ಮನೆಯ ಗೋಡೆಯನ್ನು ಮಾತ್ರ ಒಂದು ಸಲವೂ ತೆರೆದು ನೋಡಿರಲಿಲ್ಲ. ಭಯ, ಇನ್ನೇನು!

ಮನೆಯ ಹೆಸರು ತೋರ್ವಲ. ಕಟ್ಟಿದವನು ಅವಳ ಅಜ್ಜ ಹೆರ್ಮನ್ನಿ, ನದಿಯಲ್ಲಿ ಮರದ ದಿಮ್ಮಿ ತೇಲಿಸುವವರ ಮೇಸ್ತ್ರಿ. ಸಾವಿರದ ಒಂಬೈನೂರ ಎಂಟರ ಚಳಿಗಾಲದಲ್ಲಿ ಕೆರೆಯಾಚೆಯ ಕಾಡಿನಲ್ಲಿ ಪೈನ್ ಮರ ಕಡಿದು, ಹೆಪ್ಪುಗಟ್ಟಿದ ಕೆರೆಯ ಮೇಲೆ ಕುದುರೆ ಜಾರುಬಂಡಿಯಲ್ಲಿ ಎಳೆಸಿ ತಂದ. ಎಲ್ಲರಂತೆ ಮೊದಲು ಸೌನಾ ಕಟ್ಟಿದ, ಹೆಂಡತಿ ಅಮಾಂಡಳನ್ನು ಅದರಲ್ಲೇ ಸಂಸಾರಕ್ಕಿಟ್ಟ. ಮೊದಲ ಮಗು ಹುಟ್ಟಿದ್ದೂ ಆ ಹಬೆಕೋಣೆಯ ಮೆಟ್ಟಿಲ ಮೇಲೆಯೇ. ಮರುವರ್ಷ ದಿಮ್ಮಿಯ ಮೇಲೆ ದಿಮ್ಮಿ ಕೂರಿಸಿ, ಸಂದಿಗೆ ಪಾಚಿ ಒತ್ತಿ, ಮೇಲೆ ಸೂರು ಹೊದಿಸಿದ. ಆಮೇಲೆ ಕೈ ಕಟ್ಟಿ ಕೂತುಬಿಟ್ಟ. ಕಿಟಕಿಯಿಲ್ಲ, ಬಾಗಿಲಿಲ್ಲ.

“ಇನ್ನೊಂದು ಚಳಿಗಾಲ ನಾನು ಸೌನಾದಲ್ಲಿ ಬೇಯಬೇಕಾ?” ಎಂದು ಅಮಾಂಡ ಕೂಗಾಡಿದಳಂತೆ.

“ಮನೆ ಇನ್ನೂ ಕೂತಿಲ್ಲ ಕಣೇ. ಮರ ಒಣಗಬೇಕು, ಗೋಡೆ ಇಳೀಬೇಕು. ಈಗಲೇ ಕಿಟಕಿ ಇಟ್ರೆ ಗಾಜು ಪುಡಿಯಾಗುತ್ತೆ.”

ಎರಡು ವರ್ಷದಲ್ಲಿ ಗೋಡೆ ಒಂದು ಗೇಣು ಇಳಿಯಿತು. ಹನ್ನೊಂದರ ಶರತ್ಕಾಲಕ್ಕೆ ಕಿಟಕಿ ಬಂತು, ನಡುಮನೆಯಲ್ಲಿ ಆನೆಗಾತ್ರದ ರೊಟ್ಟಿ ಒಲೆ ಎದ್ದಿತು, ಅಮಾಂಡ ಒಳಗೆ ಬಂದಳು. ಅದೇ ಮನೆಯಲ್ಲಿ ಐರಾಳ ಅಪ್ಪ ತೌನೊ ಹುಟ್ಟಿದ, ಅಲ್ಲಿಂದಲೇ ಯುದ್ಧಕ್ಕೆ ಹೋದ, ಪುಣ್ಯಕ್ಕೆ ಅಲ್ಲಿಗೇ ವಾಪಸು ಬಂದ. ಬಂದಾಗ ಮಾತನ್ನು ಯುದ್ಧದಲ್ಲೇ ಎಲ್ಲೋ ಬಿಟ್ಟು ಬಂದಿದ್ದ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಎಂಟು ಹಸುಗಳಿಗೆ.

ಎಪ್ಪತ್ತಾರನೆಯ ಇಸವಿ ಬಂತು. ಎಣ್ಣೆಯ ಬೆಲೆ ಏರಿ ನಾಡಿಗೆ ನಾಡೇ ಮನೆ ಬೆಚ್ಚಗಿಡುವ ಹುಚ್ಚಿಗೆ ಬಿದ್ದಿತ್ತು. ನೂರಾರು ವರ್ಷ ಚಳಿಯಲ್ಲಿ ಬದುಕಿದ ಜನಕ್ಕೆ ಆ ವರ್ಷ ಇದ್ದಕ್ಕಿದ್ದಂತೆ ಚಳಿಯಾಯಿತು ನೋಡಿ! ಮರದ ಗೋಡೆಗೆ ಗಾಜಿನ ಉಣ್ಣೆ ಮೆತ್ತು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತು, ಮೇಲೆ ಹಲಗೆ ಹೊಡೆ ಎಂದು ಎಲ್ಲ ಪತ್ರಿಕೆಗಳಲ್ಲೂ ಉಪದೇಶ. ಐರಾಳ ಸೋದರಮಾವ ಕಲೇವಿ ಊರ ಸಹಕಾರಿ ಅಂಗಡಿಯ ಮ್ಯಾನೇಜರು, ಗಂಟಲು ಗಟ್ಟಿ, ಮನಸ್ಸು ಧಾರಾಳ. ಅಕ್ಕ ಹಿಲ್ಕಳ ಮನೆ ತಣ್ಣಗಿದೆಯೆಂದು ಪ್ಲಾಸ್ಟಿಕ್ಕಿನ ದೊಡ್ಡ ದೊಡ್ಡ ಸುರುಳಿಗಳನ್ನು ಉಡುಗೊರೆಯಾಗಿ ಹೊತ್ತು ತಂದ. ಜೊತೆಗೆ ಕೂಲಿಯಿಲ್ಲದೆ ಕೈಜೋಡಿಸುವ ಹನ್ನೆರಡು ಜನ ಮುಯ್ಯಾಳುಗಳನ್ನೂ ಕರೆತಂದ.

ಜುಲೈ ತಿಂಗಳ ಒಂದು ಶನಿವಾರ. ಹಳೆಯ ಹಲಗೆ ಕಿತ್ತರು, ಉಣ್ಣೆ ಮೆತ್ತಿದರು, ಪ್ಲಾಸ್ಟಿಕ್ ಸುತ್ತಿದರು, ರೀಪು ಹೊಡೆದರು. ಹದಿನೇಳರ ಐರಾ ಅಮ್ಮನ ಜೊತೆ ಬಟಾಣಿ ಸಾರು ಬಡಿಸಿದಳು. ಸಂಜೆಗೆ ತೋರ್ವಲ ಮನೆ ಥಳಥಳ ಹೊಳೆಯುತ್ತಿತ್ತು.

“ನೋಡು ಭಾವ,” ಕಲೇವಿ ಮಾವ ಸೊಂಟದ ಮೇಲೆ ಕೈಯಿಟ್ಟು ಹೇಳಿದ, “ಇನ್ನು ಗಾಳಿ ಕೂಡ ನಿಮ್ಮನೆಗೆ ಬಾಗಿಲು ತಟ್ಟಿ ಒಳಗೆ ಬರ್ಬೇಕು!”

“ಹೂಂ,” ಎಂದ ತೌನೊ.

ಹಲಗೆ ಹೊಡೆಯುವ ಕೆಲಸ ಮುಂದಿನ ಶನಿವಾರಕ್ಕೆ ಎಂದು ಮಾತಾಗಿತ್ತು. ಬುಧವಾರ ತೌನೊ ಅಂಗಡಿಗೆ ಹೋದವನು, “ಯಾರೂ ಬರೋದು ಬೇಡ. ಹಲಗೆ ನಾನೇ ಹೊಡ್ಕೋತೀನಿ” ಎಂದು ಹೇಳಿ ಬಂದ. ಅಯ್ಯೋ, ಮುಯ್ಯಾಳುಗಳನ್ನು ಬರಬೇಡಿ ಅನ್ನುವುದೆಂದರೆ ನಮ್ಮಲ್ಲಿ ಮುಖಕ್ಕೆ ಹೊಡೆದಂತೆ! ಕಲೇವಿ ಕೆಂಡವಾದ. “ಇನ್ನೊಂದ್ಸಲ ಸಾರು ಕಾಯ್ಸೋಕೆ ಆ ಜಿಪುಣನಿಗೆ ಕೈ ಬರ್ಲಿಲ್ಲ” ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಬೇಸಿಗೆ ಮುಗಿಯುವವರೆಗೆ ತೋರ್ವಲದ ಹೊಸಿಲು ತುಳಿಯಲಿಲ್ಲ.

ಅದರ ಮುಂದಿನ ಹದಿನೈದು ದಿನ ಮನೆಯಲ್ಲಿ ತೌನೊನನ್ನು ಬಿಟ್ಟು ಯಾರೂ ಇರಲಿಲ್ಲ. ಹಿಲ್ಕ ತಂಗಿಯ ಮನೆಯ ಹುಲ್ಲು ಕೊಯ್ಲಿಗೆ, ಐರಾ ಸ್ಟ್ರಾಬೆರಿ ತೋಟದ ಕೂಲಿಗೆ, ತಮ್ಮ ರೈಮೊ ಚರ್ಚಿನ ದೀಕ್ಷೆಯ ಶಿಬಿರಕ್ಕೆ. ಅವರು ಮರಳಿ ಬರುವಷ್ಟರಲ್ಲಿ ನಾಲ್ಕೂ ಗೋಡೆಗೆ ಹಲಗೆ ಬಿದ್ದು, ಕೆಮ್ಮಣ್ಣಿನ ಬಣ್ಣವೂ ಆಗಿತ್ತು. ಕಿಟಕಿಯ ಅಂಚಿನಲ್ಲಿ, ಅಡಿಪಾಯದ ಬುಡದಲ್ಲಿ ಪ್ಲಾಸ್ಟಿಕ್ಕಿನ ತುದಿ ಇಣುಕುತ್ತಿತ್ತು. ಕ್ರಿಸ್‌ಮಸ್ಸಿಗೆ ಬಂದ ಕಲೇವಿ ಆ ತುದಿಯನ್ನು ಎರಡು ಬೆರಳಲ್ಲಿ ಹಿಡಿದೆಳೆದು ನೋಡಿ ತೃಪ್ತನಾದ. ಅಂದಿನಿಂದ ಪ್ರತಿ ಹಬ್ಬಕ್ಕೂ, “ಈ ಮನೆ ನಿಂತಿರೋದು ನನ್ನ ಪ್ಲಾಸ್ಟಿಕ್ಕಿಂದ” ಎಂದು ಹೇಳದೆ ಅವನು ಊಟಕ್ಕೆ ಕೂತವನಲ್ಲ.

ಹತ್ತು ಹದಿನೈದು ವರ್ಷ ಕಳೆಯಿತು. ಆ ಹೊತ್ತಿಗೆ ಐರಾ ಊರೂರಿನ ಅಟ್ಟ ಹತ್ತುತ್ತಿದ್ದಳು. ಪ್ಲಾಸ್ಟಿಕ್ ಸುತ್ತಿದ ಮನೆಗಳ ಹಲಗೆ ಕಿತ್ತಾಗ ಕಂಡದ್ದೇನು? ಕಪ್ಪಗೆ ಬೂಷ್ಟು ಹಿಡಿದ ದಿಮ್ಮಿ. ಒಳಗಿನ ಉಸಿರು, ಅಡುಗೆಯ ಹಬೆ ಎಲ್ಲ ಪ್ಲಾಸ್ಟಿಕ್ಕಿಗೆ ತಾಗಿ ನೀರಾಗಿ ಮರಕ್ಕೇ ಇಳಿದಿತ್ತು. ಬೆರಳು ಒತ್ತಿದರೆ ಗಂಜಿಗೆ ಒತ್ತಿದ ಹಾಗೆ ಒಳಗೆ ಹೋಗುತ್ತಿತ್ತು. ಒಂದಲ್ಲ ಎರಡಲ್ಲ, ಮೂವತ್ತೆಂಟು ಮನೆಗೆ ಅವಳು “ಸುಡಿ” ಅಂದಳು. ಮನೆಗೆ ಬಂದು ಅಪ್ಪನ ಮೇಲೆ ಹರಿಹಾಯುತ್ತಿದ್ದಳು.

“ಅಜ್ಜ ಎರಡು ವರ್ಷ ಕಾದು ಒಣಗಿಸಿದ ಮನೆನ ನೀನು ಚೀಲಕ್ಕೆ ಹಾಕಿ ಗಂಟು ಕಟ್ಟಿದೀಯಲ್ಲಪ್ಪ! ಮಾವ ಹೇಳಿದ, ನೀನು ತಲೆ ಆಡಿಸ್ದೆ. ಬೇಡ ಅನ್ನೋಕೆ ಬಾಯಿ ಇರ್ಲಿಲ್ವಾ ನಿನಗೆ?”

ತೌನೊ ಬಸಿಯಲ್ಲಿ ಕಾಫಿ ಆರಿಸಿಕೊಂಡು ಕುಡಿಯುತ್ತಿದ್ದ. “ಇರ್ಬೋದು,” ಎನ್ನುತ್ತಿದ್ದ.

ರೈಮೊ ಇನ್ನೂ ಕಟುವಾಗಿ ಚುಚ್ಚುತ್ತಿದ್ದ. “ಅಪ್ಪ ಮನೆ ಕಟ್ಲಿಲ್ಲ, ಸಾಸೇಜು ಕಟ್ಟಿದಾನೆ” ಎನ್ನುತ್ತಿದ್ದ, ಬಂದ ನೆಂಟರ ಎದುರಿಗೇ. ಅದಕ್ಕೂ ತೌನೊ ಏನೂ ಅನ್ನಲಿಲ್ಲ. ಎಂಬತ್ತೇಳು ವರ್ಷ ಬದುಕಿ ಎರಡು ಸಾವಿರದ ಎಂಟರಲ್ಲಿ ತೀರಿಕೊಂಡ. ಏಳು ವರ್ಷದ ಮೇಲೆ ಹಿಲ್ಕಳೂ ಹೋದಳು. ಗಂಡನಿಂದ ಬೇರೆಯಾಗಿ ಎಂದೋ ಮನೆಗೆ ಮರಳಿದ್ದ ಐರಾ ಅಲ್ಲೇ ಉಳಿದಳು. ಒಲೆ ಅವಳದು, ಸೌನಾ ಅವಳದು, ಗೋಡೆಯೊಳಗಿನ ಹೆದರಿಕೆಯೂ ಅವಳದು. ನಲವತ್ತು ವರ್ಷ ಇಲ್ಲಣ ಕುಡಿದ ಮೂಗು ವಾಸನೆ ಹಿಡಿಯುವುದನ್ನೇ ಬಿಟ್ಟಿತ್ತು, ಹಾಗಾಗಿ ಮನೆ ಬೂಷ್ಟು ನಾರುತ್ತಿದೆಯೋ ಇಲ್ಲವೋ ಅವಳಿಗೇ ತಿಳಿಯದು. ಜೊತೆಗೆ ಕೆಮ್ಮು ಬೇರೆ.

ಆ ಕೆಮ್ಮನ್ನು ಫೋನಿನಲ್ಲಿ ಕೇಳಿ ಕೇಳಿ ರೈಮೊನ ನಿದ್ದೆ ಹಾರಿತು. ಅವನು ಕುವೊಪಿಯೊ ಪಟ್ಟಣದಲ್ಲಿ ಬಸ್ಸು ಓಡಿಸುವವನು, ಮನೆಯಲ್ಲಿ ಅರ್ಧ ಪಾಲಿನವನು. ಹೋದ ಚಳಿಗಾಲದಲ್ಲಿ ಒಂದು ದಿನ ಬಂದು ಒಲೆಯ ಮುಂದೆ ಕೂತು ಹೇಳಿಯೇಬಿಟ್ಟ.

“ಅಕ್ಕ, ಇದನ್ನ ದಳಕ್ಕೆ ಕೊಟ್ಬಿಡೋಣ. ಇದೇ ಜಾಗದಲ್ಲಿ ನಿನಗೊಂದು ರೆಡಿಮೇಡ್ ಮನೆ ನಿಲ್ಸೋಣ.”

“ನನ್ನ ಮನೆ ಸುಡೋಕೆ ನನ್ನ ಒಲೆ ಮುಂದೇನೇ ಕೂತು ಹೇಳ್ತೀಯಲ್ಲೋ!”

“ಬೇರೆಯವರ ಮನೆ ಆಗಿದ್ರೆ ನೀನೇನು ಹೇಳ್ತಿದ್ದೆ, ಹೇಳು.”

ಐರಾ ಗೋಡೆಯ ಕಡೆ ನೋಡಿದಳು. ಪ್ಲಾಸ್ಟಿಕ್ ಸುತ್ತಿ ನಲವತ್ತೇಳು ವರ್ಷವಾದ ಗೋಡೆ. ಬೇರೆಯವರದ್ದಾಗಿದ್ದರೆ ಚಾಕು ಕೂಡ ಹೊರಗೆ ತೆಗೆಯದೆ “ಸುಡಿ” ಎಂದಿರುತ್ತಿದ್ದಳು.

“ಇದು ಇಲ್ಲಣದ ಕೆಮ್ಮು ಕಣೋ.”

“ಬೂಷ್ಟಿಂದಲ್ಲ ಅಂತ ಆಣೆ ಮಾಡಿ ಹೇಳು. ಅಪ್ಪ ಅಮ್ಮ ಹೋದ್ರು. ನನಗೆ ಉಳಿದಿರೋದು ನೀನೊಬ್ಬಳೇ ಅಕ್ಕ. ಈ ಗೋಡೆ ನಿನ್ನ ತಿಂದು ಹಾಕೋದನ್ನ ನೋಡ್ಕೊಂಡು ನಾನು ಬಸ್ಸು ಓಡಿಸ್ಲಾ?”

ಅವನು ಹಾಗಂದ ಮೇಲೆ ಅವಳ ಸಿಟ್ಟು ಇಳಿಯಿತು. ಅಳೆದೂ ಸುರಿದೂ ಇಬ್ಬರೂ ಒಂದು ಮಾತಿಗೆ ಬಂದರು: ಹಿಮ ಕರಗಿದ ಮೇಲೆ ಬಿಸಿಲೇ ಕಾಣದ ಬಡಗಣ ಗೋಡೆಯನ್ನು ತೆರೆದು ನೋಡುವುದು. ದಿಮ್ಮಿ ಕೊಳೆತಿದ್ದರೆ ಸೆಪ್ಟೆಂಬರಿನ ಮೊದಲ ಶನಿವಾರ ಮನೆ ದಳಕ್ಕೆ. ಗಟ್ಟಿಯಿದ್ದರೆ ರೈಮೊ ಇನ್ನು ಆ ಮಾತೇ ಎತ್ತಕೂಡದು. ದಳದ ಮುಖ್ಯಸ್ಥ ಪೆಸೊನೆನ್ ಕಾಗದ ತಂದ, ಇಬ್ಬರೂ ಸಹಿ ಹಾಕಿದರು. ಐರಾ ಅಂದಿನಿಂದಲೇ ಮನೆಗೆ ವಿದಾಯ ಹೇಳತೊಡಗಿದಳು. ಅಟ್ಟ ಖಾಲಿ ಮಾಡಿದಳು, ಅಮ್ಮನ ಮಗ್ಗವನ್ನು ಪಕ್ಕದೂರಿನ ಶಾಲೆಗೆ ಕೊಟ್ಟಳು, ಒಲೆಯನ್ನು ಬೇರೆ ಯಾರ ಒಲೆಯನ್ನೂ ಗುಡಿಸದಷ್ಟು ಚೆನ್ನಾಗಿ ಗುಡಿಸಿದಳು. ಸುಡುವ ಮನೆಯ ಒಲೆ ಗುಡಿಸುವವರುಂಟೇ! ಕೈ ಕೇಳಬೇಕಲ್ಲ.

ಮೇ ಕೊನೆಯ ಮಂಗಳವಾರ ಬೆಳಿಗ್ಗೆ ಮೂವರೂ ಬಡಗಣ ಗೋಡೆಯ ಮುಂದೆ ನಿಂತರು. ಪೆಸೊನೆನ್ ತೇವ ಅಳೆಯುವ ಯಂತ್ರ ತಂದಿದ್ದ.

“ನನಗೆ ಎರಡೂ ಸರಿನಮ್ಮ,” ಎಂದ. “ಕೊಳೆತಿದ್ರೆ ನಮ್ಮ ಹುಡುಗ್ರಿಗೆ ಅಭ್ಯಾಸ. ಇಲ್ದಿದ್ರೆ ಕಾಫಿ.”

“ಕಾಫಿ ಹೇಗಿದ್ರೂ ಕೊಡ್ತೀನಿ, ಬಾಯಿ ಮುಚ್ಕೊಂಡು ನಿಂತ್ಕೊ,” ಎಂದಳು ಐರಾ.

ಸಬ್ಬಲನ್ನು ರೈಮೊ ಹಿಡಿಯಲು ಬಂದ, ಅವಳು ಕೊಡಲಿಲ್ಲ. ಕಿಟಕಿಯ ಪಕ್ಕದ ಮೊದಲ ಹಲಗೆಯಡಿ ತೂರಿಸಿ ಒತ್ತಿದಳು. ಅಪ್ಪ ಹೊಡೆದ ಮೊಳೆ ಸುಲಭಕ್ಕೆ ಬಿಡಲಿಲ್ಲ, ಕಿರುಗುಟ್ಟಿ ಬಂತು. ಹಲಗೆಯ ಹಿಂದೆ ಹಳದಿಗಟ್ಟಿದ ಪ್ಲಾಸ್ಟಿಕ್ ಬಿಗಿದುಕೊಂಡು ನಿಂತಿತ್ತು.

ಇದು ಗೊತ್ತಿದ್ದದ್ದೇ. ಆದರೂ ಒಂದು ಮೂಲೆಯಲ್ಲಿ ಆಸೆ ಕೂತಿರುತ್ತದಲ್ಲ, ಅದು ಸತ್ತಿತು.

“ಸಾಕು ಬಿಡಕ್ಕ,” ರೈಮೊ ಮೆತ್ತಗೆ ಹೇಳಿದ. “ನೋಡಿದ್ದಾಯ್ತಲ್ಲ.”

“ಮರ ನೋಡಿಲ್ಲ ಇನ್ನೂ. ನಾನು ಮರ ನೋಡ್ದೆ ಯಾವ ಮನೆಗೂ ತೀರ್ಪು ಹೇಳಿದವಳಲ್ಲ.” ಇದು ಶುದ್ಧ ಸುಳ್ಳು, ಹೇಳಿದ್ದಳು. ಆದರೆ ಇದು ಅವಳ ಮನೆ.

ಎರಡನೆಯ ಹಲಗೆ ಕಿತ್ತಳು. ಅಲ್ಲಿ ಪ್ಲಾಸ್ಟಿಕ್ ಇರಲಿಲ್ಲ. ಬೂದುಬಣ್ಣಕ್ಕೆ ತಿರುಗಿದ ಉಣ್ಣೆ ಮಾತ್ರ. ಹರಿದುಹೋಗಿದೆಯೇನೋ ಅಂದುಕೊಂಡು ಮೂರನೆಯದನ್ನು ಕಿತ್ತಳು, ನಾಲ್ಕನೆಯದನ್ನು ಕಿತ್ತಳು. ಇಲ್ಲ. ಬಗ್ಗಿ ನೋಡಿದಳು. ಅಡ್ಡ ಹೊಡೆದ ರೀಪುಗಳ ಕೆಳಗೆ ಬೆರಳಗಲದ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಕೊಂಡಿತ್ತು. ರೀಪಿಗೂ ರೀಪಿಗೂ ನಡುವಿನ ಹಾಳೆಯನ್ನು ಯಾರೋ ಚಾಕುವಿನಿಂದ ಕೊರೆದು ತೆಗೆದಿದ್ದರು. ಗೀಟು ಎಳೆದಂತೆ ನೆಟ್ಟಗೆ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ. ಕಿಟಕಿಯ ಸುತ್ತ, ಬುಡದಲ್ಲಿ, ಹೊರಗಿನವರ ಕಣ್ಣಿಗೆ ಬೀಳುವ ಕಡೆ ಮಾತ್ರ ಒಂದೊಂದು ಗೇಣು ಬಿಟ್ಟಿದ್ದರು.

ಐರಾ ಎರಡೂ ಕೈಯಿಂದ ಉಣ್ಣೆಯನ್ನು ಬಾಚಿ ಎಳೆದಳು. ಇಲಿಗೂಡೊಂದು ಉದುರಿತು. ಉಣ್ಣೆಯ ಹಿಂದೆ ಅಜ್ಜನ ದಿಮ್ಮಿ ಇತ್ತು, ಒಣಗಿ ಜೇನುಬಣ್ಣಕ್ಕೆ ತಿರುಗಿದ್ದ ದಿಮ್ಮಿ, ಕೊಡಲಿಯ ಏಟಿನ ಗುರುತು ಕೂಡ ಹಾಗೇ ಇತ್ತು. ಅದರ ಮೇಲೆ ಬಡಗಿ ಪೆನ್ಸಿಲ್ಲಿನಲ್ಲಿ ಹಲಗೆಗಳ ಅಳತೆ ಬರೆದಿತ್ತು. ಏಳನ್ನು ನಡುವೆ ಗೀಟು ಹಾಕಿ ಬರೆಯುವ ಆ ಕೈ ಯಾರದೆಂದು ಇಬ್ಬರಿಗೂ ಗೊತ್ತಿತ್ತು.

“ಚುಚ್ಚು,” ಎಂದಳು ಐರಾ ತಮ್ಮನಿಗೆ, ಚಾಕು ಕೊಟ್ಟು.

ರೈಮೊ ಚುಚ್ಚಿದ. ಚಾಕುವಿನ ತುದಿ ಒಳಗಿಳಿಯಲಿಲ್ಲ. ಭಾರವೆಲ್ಲ ಹಾಕಿ ಒತ್ತಿದ, ಭತ್ತದ ಕಾಳಿನಷ್ಟು ಹೋಯಿತು. ಕೊಡಲಿಯ ಬೆನ್ನಿನಿಂದ ಬಡಿದ, ದಿಮ್ಮಿ ಗಂಟೆಯಂತೆ ದನಿ ಕೊಟ್ಟಿತು. ಪೆಸೊನೆನ್ ಗೋಡೆಯುದ್ದಕ್ಕೂ ಯಂತ್ರ ಒತ್ತುತ್ತ ಹೋದ, ತಲೆ ಅಲ್ಲಾಡಿಸುತ್ತ ಬಂದ. ಅಡುಗೆಮನೆಯ ಮೂಲೆಯಲ್ಲಿ ಸೂರಿನ ಮಳೆನೀರಿನ ದೋಣಿ ಸೋರಿ ತೀರ ಕೆಳಗಿನ ದಿಮ್ಮಿ ಒಂದು ಮಾರು ಮೆತ್ತಗಾಗಿತ್ತು. ಅಷ್ಟೇ. ಅದು ಯಾವ ಮನೆಯಲ್ಲಿಲ್ಲ!

“ಇದು ನನ್ನ ಮನೆಗಿಂತ ಒಣಗಿದೆ,” ಎಂದ ಪೆಸೊನೆನ್.

ಹೋದ ಜೀವ ಬಂದಂತಾಗಿ ಐರಾ ಕಿತ್ತ ಹಲಗೆಗಳ ಮೇಲೇ ಕುಸಿದು ಕೂತಳು. ನಕ್ಕಳು, ನಗುತ್ತಲೇ ಕೆಮ್ಮಿದಳು, ಕೆಮ್ಮುತ್ತಲೇ ಅತ್ತಳು. ಕಾರಿನೊಳಗೆ ಹೋಗಬೇಕೆಂಬುದೂ ನೆನಪಾಗಲಿಲ್ಲ.

ರೈಮೊ ಇನ್ನೂ ಚಾಕು ಹಿಡಿದು ಗೋಡೆ ನೋಡುತ್ತಿದ್ದ. “ಅಕ್ಕ, ಆ ವರ್ಷ ಸೌದೆ ಒಟ್ಟಿಲ ಮೇಲೆಲ್ಲ ಉದ್ದುದ್ದ ಪ್ಲಾಸ್ಟಿಕ್ ಪಟ್ಟಿ ಹೊದಿಸಿತ್ತಲ್ಲ? ಆಲೂಗಡ್ಡೆ ಗುಂಡಿ ಮೇಲೂ?”

“ಹೌದು ಕಣೋ. ನೀನು ಅದರ ಮೇಲೆ ಕೂತು ಹಿಮದಲ್ಲಿ ಜಾರ್ತಿದ್ದೆ.”

“ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ‘ಉಳಿದಿತ್ತು’ ಅಂದಿದ್ದ ಅಪ್ಪ. ನಾವು ಒಬ್ರಾದ್ರೂ ಯೋಚನೆ ಮಾಡಿದ್ವಾ?”

“ಅಮ್ಮನಿಗೆ ಗೊತ್ತಿತ್ತು ಅಂತೀಯಾ?”

“ಗೊತ್ತಿದ್ರೂ ಅವಳು ಬಾಯಿ ಬಿಡ್ಲಿಲ್ಲ. ಭಾರಿ ಜೋಡಿ!”

ಪೆಸೊನೆನ್ ತಲೆ ಕೆರೆದುಕೊಂಡ. “ಅಲ್ಲಮ್ಮ, ಬೇಡ ಅಂತ ಅವತ್ತೇ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ಹದಿನೈದು ದಿನ ಒಬ್ನೇ ಕೊರೀಬೇಕಿತ್ತಾ?”

“ಯಾರಿಗೆ ಹೇಳ್ಬೇಕಿತ್ತು?” ಎಂದಳು ಐರಾ. “ಉಡುಗೊರೆ ಹೊತ್ಕೊಂಡು ಬಂದ ಹೆಂಡ್ತಿ ತಮ್ಮನಿಗಾ? ಪುಕ್ಕಟೆ ದುಡಿಯೋಕೆ ಬಂದ ಹನ್ನೆರಡು ಜನರ ಎದುರಿಗಾ? ನಿಮ್ಮಪ್ಪನೂ ಅವತ್ತು ಬಂದಿದ್ದ. ನಿಮ್ಮಪ್ಪನಿಗೆ ಹೇಳ್ಬೇಕಿತ್ತಾ, ನೀವು ಮಾಡಿದ್ದು ತಪ್ಪು, ಎದ್ದು ಹೋಗಿ ಅಂತ?”

ಮರದ ದೋಣಿಯನ್ನು ಬಿಗಿಯಾಗಿ ಸುತ್ತಿಟ್ಟರೆ ವಸಂತಕ್ಕೆ ಕೊಳೆಯುತ್ತದೆಂದು ಕೆರೆಯ ದಂಡೆಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಕಲೇವಿಯೂ ಸೇರಿ ಆ ಹದಿಮೂರು ಗಂಡಸರಿಗೂ ಗೊತ್ತಿತ್ತು. ಪತ್ರಿಕೆಯಲ್ಲಿ ಬಂದಿದೆ ಎಂದಾಗ ಹದಿಮೂರೂ ಜನ ಅದನ್ನು ಮರೆತರು. ಮನೆಯ ಯಜಮಾನನೊಬ್ಬ ಮಾತ್ರ ಮರೆಯಲಿಲ್ಲ, ಅವನಿಗೆ ಮಾತು ಬರುತ್ತಿರಲಿಲ್ಲ.

“ಇಪ್ಪತ್ತು ವರ್ಷ ಬೈದ್ನಲ್ಲಕ್ಕ ನಾನು,” ಎಂದ ರೈಮೊ. “ಸಾಸೇಜು ಅಂದೆ. ನೆಂಟರ ಮುಂದೆ.”

“ನಾನೇನು ಹೂವು ಹಾಕಿದ್ನಾ? ನಿನಗಿಂತ ಹೆಚ್ಚು ಬೈದಿದೀನಿ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಪೆಸೊನೆನ್ ಜೇಬಿನಿಂದ ಸಹಿ ಹಾಕಿದ ಕಾಗದ ತೆಗೆದು ಐರಾಳ ಕೈಗಿಟ್ಟ. “ತಗೋ, ಒಲೆ ಹಚ್ಚೋಕೆ ಆಗುತ್ತೆ. ಈಗಲಾದ್ರೂ ಕಾಫಿ ಕೊಡ್ತೀಯಾ?” ಅವಳು ಅದರಿಂದಲೇ ಒಲೆ ಹಚ್ಚಿ ಕಾಫಿ ಕಾಯಿಸಿದಳು.

ಆ ಬೇಸಿಗೆಯೆಲ್ಲ ತೋರ್ವಲದಲ್ಲಿ ಸುತ್ತಿಗೆಯ ಸದ್ದು. ನಾಲ್ಕೂ ಗೋಡೆಯ ಉಣ್ಣೆ ತೆಗೆದು ಅಗಸೆ ನಾರಿನ ಹಾಸು ತುಂಬಿದರು, ಮೇಲೆ ಉಸಿರಾಡುವ ಡಾಂಬರು ಕಾಗದ ಹೊದಿಸಿದರು. ಮೂಲೆಯ ದಿಮ್ಮಿಯ ಮೆತ್ತಗಾದ ಮಾರನ್ನು ಕೊಯ್ದು, ಬಿದ್ದುಹೋದ ಕಣಜವೊಂದರಿಂದ ತಂದ ಅಷ್ಟೇ ಹಳೆಯ ತುಂಡು ಕೂರಿಸಿದರು. ನಡುಮನೆಯ ಗೋಡೆಕಾಗದ ಕಿತ್ತರೆ ಏಳು ಪದರ, ತಳದಲ್ಲಿ ಅಮಾಂಡ ಅಂಟಿಸಿದ ಹನ್ನೊಂದನೆಯ ಇಸವಿಯ ಪತ್ರಿಕೆ. ಅದನ್ನು ಓದುತ್ತ ಕೂತು ರೈಮೊ ಒಂದಿಡೀ ಮಧ್ಯಾಹ್ನ ಹಾಳು ಮಾಡಿದ, ಐರಾ ಬೈದಳು. ಆಗಸ್ಟಿನಲ್ಲಿ ಅಂಗಳದಲ್ಲಿ ದೊಡ್ಡ ಪೀಪಾಯಿ ಇಟ್ಟು ರೈ ಹಿಟ್ಟಿನ ಗಂಜಿಗೆ ಕೆಮ್ಮಣ್ಣು ಕಲಸಿ ಬಣ್ಣ ಕುದಿಸಿದರು. ರೈಮೊ ರಜೆಯನ್ನೆಲ್ಲ ಅಲ್ಲೇ ಕಳೆದು ನೆತ್ತಿಯಿಂದ ಅಂಗಾಲಿನವರೆಗೆ ಕೆಂಪಾದ. ಹಲಗೆ ಮಾತ್ರ ಅವೇ, ಅಪ್ಪ ಹೊಡೆದವು. ಒಂದೂ ಬದಲಾಯಿಸಬೇಕಾಗಲಿಲ್ಲ. ಕೆಮ್ಮಿಗೆ ವೈದ್ಯರಿಗೆ ತೋರಿಸಿದ್ದೂ ಆಯಿತು. ಇಲ್ಲಣದ್ದೇ ಎಂದರು, ಕೆಲಸ ಬಿಟ್ಟಿದ್ದೀರಲ್ಲ, ನಿಧಾನಕ್ಕೆ ಇಳಿಯುತ್ತದೆ ಎಂದರು.

ಎಲ್ಲರಿಗೂ ನೆಮ್ಮದಿಯಾಯಿತು. ಐರಾಳಿಗೆ ಮಾತ್ರ ಒಂದು ಕೆಲಸ ಬಾಕಿಯಿತ್ತು. ಕಲೇವಿ ಮಾವ ಇನ್ನೂ ಬದುಕಿದ್ದ, ತೊಂಬತ್ತೊಂದು ವರ್ಷ, ಚರ್ಚಿನ ಹತ್ತಿರದ ವೃದ್ಧಾಶ್ರಮದಲ್ಲಿ. ಅಪ್ಪನನ್ನು ಜಿಪುಣ ಎಂದವನು. ನಲವತ್ತೇಳು ವರ್ಷ ‘ನನ್ನ ಪ್ಲಾಸ್ಟಿಕ್’ ಎಂದು ಮೆರೆದವನು. ಅವನಿಗೆ ಸತ್ಯ ಹೇಳಿಯೇ ತೀರಬೇಕೆಂದು ಅವಳು ಹಲ್ಲು ಕಚ್ಚಿದ್ದಳು. ಅಪ್ಪನ ಪರವಾಗಿ ಒಬ್ಬರಾದರೂ ಬಾಯಿ ಬಿಡಬೇಕು!

ಸೆಪ್ಟೆಂಬರಿನ ಮೊದಲ ಶನಿವಾರ ರೈ ಹಿಟ್ಟಿನ ಹೊದಿಕೆಯೊಳಗೆ ಮೀನು ತುಂಬಿ ಬೇಯಿಸಿದ ಕಲಕುಕ್ಕೊವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ದಾರಿಯುದ್ದಕ್ಕೂ ಮಾತು ಮಸೆದಳು. ಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಅಂಗಡಿ ಅದುರಿಸುತ್ತಿದ್ದ ಗಂಟಲು ಈಗ ಗಾಳಿಯಷ್ಟೇ. ಅವಳು ಕೋಟು ಕಳಚುವ ಮುಂಚೆಯೇ ಕೇಳಿದ.

“ಗೋಡೆ ಬಿಚ್ಚಿದ್ರಂತೆ.”

“ಬಿಚ್ಚಿದ್ವಿ ಮಾವ.”

“ಬಾಗಿಲು ಹಾಕಮ್ಮ.” ಅವಳು ಹಾಕಿ ಬಂದಳು. ಮಾವ ಕಿಟಕಿಯಿಂದ ಮುಖ ತಿರುಗಿಸಿದ. “ನಾನೂ ಪೇಪರ್ ಓದ್ತೀನಿ. ಪ್ಲಾಸ್ಟಿಕ್ ಸುತ್ತಿದ ಮನೆಗಳೆಲ್ಲ ಏನಾದ್ವು ಅಂತ ನನಗೂ ಗೊತ್ತು. ಎಷ್ಟೋ ವರ್ಷದಿಂದ ಗೊತ್ತು. ಹಬ್ಬಕ್ಕೆ ಬಂದಾಗ ಜಂಬ ಕೊಚ್ತಿದ್ದೆನಲ್ಲ, ನೀವು ಯಾರಾದ್ರೂ ಇಲ್ಲ ಮಾವ, ಹಾಳಾಯ್ತು ಅಂದ್ಬಿಡ್ತೀರೇನೋ ಅಂತ ಕಾಯ್ತಿದ್ದೆ. ಯಾರೂ ಅನ್ಲಿಲ್ಲ. ಈಗ ನಿಜ ಹೇಳ್ಬಿಡು ಮಗಳೇ. ನಮ್ಮಕ್ಕನ ಮನೆ ನಾನೇ ಕೊಂದ್ನಾ?”

ಮಸೆದು ತಂದ ಮಾತೆಲ್ಲ ಅವಳ ಬಾಯಿಯ ತುದಿಯಲ್ಲೇ ಇತ್ತು. ಮಾವನ ಕೈ ನೋಡಿದಳು. ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಬೆರಳ ಗೆಣ್ಣು ಬಿಳುಪೇರಿತ್ತು. ಮಾತನ್ನೆಲ್ಲ ನುಂಗಿಕೊಂಡಳು. ಜೀವಮಾನದಲ್ಲಿ ಅವಳು ಹಾಗೆ ನುಂಗಿಕೊಂಡದ್ದು ಅದೇ ಮೊದಲು.

“ಇಲ್ಲ ಮಾವ. ನಾಲ್ಕೂ ಗೋಡೆ ನಾನೇ ಚುಚ್ಚಿ ನೋಡಿದೀನಿ. ನಿನ್ನಿಂದ ಒಂದು ದಿಮ್ಮಿನೂ ಹಾಳಾಗಿಲ್ಲ.”

“ನನ್ನ ಸಮಾಧಾನಕ್ಕೆ ಹೇಳ್ತಿದೀಯಾ?”

“ನಾನ್ಯಾವತ್ತು ಯಾರ ಸಮಾಧಾನಕ್ಕೆ ಮಾತಾಡಿದೀನಿ?”

ಇದು ಅವನಿಗೆ ಒಪ್ಪಿಗೆಯಾಯಿತು. ಕುರ್ಚಿಯ ಹಿಡಿ ಬಿಟ್ಟ. ಕಣ್ಣೀರು ಕೆನ್ನೆಗಿಳಿದರೂ ಒರೆಸಿಕೊಳ್ಳಲಿಲ್ಲ. ಐರಾ ಕಲಕುಕ್ಕೊ ಬಿಚ್ಚಿ ದಪ್ಪಗೆ ಒಂದು ಹೋಳು ಕುಯ್ದು, ಬೆಣ್ಣೆ ಸವರಿ ಕೊಟ್ಟಳು. ಅವನು ತಿಂದ. ಅರ್ಧ ತಿಂದ ಮೇಲೆ ನಿಲ್ಲಿಸಿದ.

“ತೌನೊ ಹಲಗೆ ಎಲ್ಲ ಒಬ್ನೇ ಹೊಡೆದ. ಅದಕ್ಕೆ ನಾನು ಅವನ ಮೇಲೆ ಹಗೆ ಸಾಧಿಸ್ದೆ. ಹೇಗೆ ಹೊಡೆದಿದ್ದ?”

“ನೆಟ್ಟಗೆ, ಮಾವ. ಒಂದು ಮೊಳೆನೂ ಸಡಿಲ ಆಗಿರ್ಲಿಲ್ಲ. ಅವೇ ಹಲಗೆ ವಾಪಸ್ ಹೊಡೆದಿದೀವಿ.”

“ಒಳ್ಳೆ ಕೆಲಸಗಾರ,” ಎಂದ ಮುದುಕ. “ನಾನು ಅವನಿಗೆ ಅದನ್ನ ಒಂದಿನಾನೂ ಹೇಳ್ಲಿಲ್ಲ.”

“ನಾನೂ ಹೇಳ್ಲಿಲ್ಲ, ಮಾವ,” ಎಂದಳು ಐರಾ.